ಮೂಳೆಯನ್ನು ತೂಗಿದವರು

1981ರ ಮಳೆಗಾಲದ ಒಂದು ಬೆಳಗ್ಗೆ ನಮ್ಮ ತಾಯಿ ಹಿತ್ತಿಲ ಬಾವಿಕಟ್ಟೆಯ ಬಳಿ ಬಿದ್ದರು. ಜಾರಿ ಬಿದ್ದರೆಂದೇ ಮನೆಯವರೆಲ್ಲ ತಿಳಿದೆವು. ಪಾಚಿಗಟ್ಟಿದ ಚಪ್ಪಡಿಯನ್ನು ಬೈದೆವು. ಅದನ್ನು ತಿಕ್ಕಿ ತೊಳೆಯದೆ ಬಿಟ್ಟವರನ್ನು ಬೈದೆವು. ಆದರೆ ತಾಯಿ ಮಾತ್ರ ಮಲಗಿದಲ್ಲಿಂದ ಬೇರೆಯೇ ಒಂದು ಮಾತು ಹೇಳುತ್ತಿದ್ದರು: "ನಾನು ಜಾರಲಿಲ್ಲ ಕಣಪ್ಪ. ಸೊಂಟದ ಹತ್ತಿರ ಏನೋ ಲಟಕ್ಕೆಂದಿತು, ಆಮೇಲೆ ಬಿದ್ದೆ." ಆ ಮಾತಿಗೆ ಯಾರೂ ಬೆಲೆ ಕೊಡಲಿಲ್ಲ. ವೈದ್ಯರು ಕ್ಷ-ಕಿರಣದ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು, ತೊಡೆಯೆಲುಬಿನ ಕತ್ತು ಮುರಿದಿದೆಯೆಂದು ತೋರಿಸಿದರು. "ಇನ್ನೇನು, ವಯಸ್ಸಾಯಿತಲ್ಲ" ಎಂದರು. ತಾಯಿಗೆ ಆಗ 66 ವರ್ಷ. ಮಲಗಿದವರು ಮತ್ತೆ ಏಳಲಿಲ್ಲ. ಬೆನ್ನಿನಲ್ಲಿ ಹುಣ್ಣಾಯಿತು, ಎದೆಯಲ್ಲಿ ಕಫ ಕಟ್ಟಿತು. ಐದು ತಿಂಗಳಿಗೆ ತೀರಿಕೊಂಡರು.

ಬಿದ್ದದ್ದರಿಂದ ಮೂಳೆ ಮುರಿಯಿತೋ, ಮೂಳೆ ಮುರಿದದ್ದರಿಂದ ಬಿದ್ದರೋ? ಈ ಪ್ರಶ್ನೆ ಬಹುಕಾಲ ನನ್ನನ್ನು ಬಿಡಲಿಲ್ಲ. ಅದರ ಹಿಂದೆಯೇ ಇನ್ನೊಂದು ಪ್ರಶ್ನೆ: ಆ ಮೂಳೆ ಒಳಗೊಳಗೇ ಟೊಳ್ಳಾಗುತ್ತಿದ್ದುದು ಮುಂಚೆಯೇ ತಿಳಿಯುವಂತಿತ್ತೆ? ನಾನು ವೈದ್ಯನಲ್ಲ, ಕಾಲೇಜಿನಲ್ಲಿ ಚರಿತ್ರೆಯನ್ನು ಪಾಠ ಹೇಳಿದವನು. ಆದ್ದರಿಂದ ಈ ಪ್ರಶ್ನೆಗೆ ನನಗೆ ಸಾಧ್ಯವಾದ ಉತ್ತರವನ್ನು ಚರಿತ್ರೆಯಲ್ಲಿಯೇ ಹುಡುಕಿದೆ. ಬದುಕಿರುವ ಮನುಷ್ಯನ ಮೂಳೆಯನ್ನು ಹೊರಗೆ ತೆಗೆಯದೆಯೇ ತೂಗಲು ಕಲಿತ ಕತೆ ಅದು. ಹಾಗೆ ತೂಗಿ ಬಂದ ಒಂದು ಅಂಕಿ ಮನುಷ್ಯರನ್ನು ಆಳತೊಡಗಿದ ಕತೆಯೂ ಹೌದು.

ಮೂಳೆಯನ್ನು ನಾವು ಕಲ್ಲಿನಂಥ ಜಡವಸ್ತುವೆಂದು ಭಾವಿಸುವುದು ವಾಡಿಕೆ. ಸುಟ್ಟಮೇಲೂ ಉಳಿಯುವ ವಸ್ತುವಲ್ಲವೆ? ಆದರೆ ಜೀವವಿರುವವರೆಗೆ ಅದು ಹಳೆಯ ಮನೆಯ ಹಾಗೆ: ಒಂದು ಕಡೆ ಕೆಡವುತ್ತಿರುತ್ತಾರೆ, ಇನ್ನೊಂದು ಕಡೆ ಕಟ್ಟುತ್ತಿರುತ್ತಾರೆ. ಹರೆಯದಲ್ಲಿ ಕಟ್ಟುವ ಕೆಲಸ ಮುಂದಿರುತ್ತದೆ. ಮೂವತ್ತರ ಹೊತ್ತಿಗೆ ಎರಡೂ ಸಮವಾಗುತ್ತವೆ. ಆಮೇಲೆ ಕೆಡವುವವರ ಕೈ ಮೇಲಾಗುತ್ತದೆ; ಹೆಂಗಸರಲ್ಲಿ ಮುಟ್ಟು ನಿಂತ ಬಳಿಕ ಕೆಲವು ವರ್ಷ ಇದು ಬಹಳ ವೇಗವಾಗಿ ನಡೆಯುತ್ತದೆ. ನೋವಿಲ್ಲ, ಜ್ವರವಿಲ್ಲ. ಮುರಿಯುವವರೆಗೆ ಏನೂ ತಿಳಿಯದು.

ವೃದ್ಧಾಪ್ಯದಲ್ಲಿ ಮೂಳೆಯ ಹೊರಚಿಪ್ಪು ತೆಳ್ಳಗಾಗಿ ಒಳಗು ಸ್ಪಂಜಿನಂತಾಗುತ್ತದೆ, ತೊಡೆಯೆಲುಬಿನ ಕತ್ತು ಮುರಿಯುವುದು ಅದರಿಂದಲೇ ಎಂಬುದನ್ನು ಲಂಡನ್ನಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ 1822ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಬರೆದ. ಅಂದರೆ ನಮ್ಮ ತಾಯಿ ಬಿದ್ದುದಕ್ಕೆ ಸುಮಾರು 160 ವರ್ಷ ಮೊದಲೇ ಒಬ್ಬನಿಗೆ ವಿಷಯ ಹೊಳೆದಿತ್ತು. 1830ರ ದಶಕದಲ್ಲಿ ಸ್ಟ್ರಾಸ್‌ಬರ್ಗಿನ ರೋಗವಿಜ್ಞಾನಿ ಲೋಬ್‌ಸ್ಟೈನ್ ಇದಕ್ಕೆ ಆಸ್ಟಿಯೊಪೊರೋಸಿಸ್ ಎಂಬ ಹೆಸರನ್ನು ಬಳಕೆಗೆ ತಂದ. ರಂಧ್ರಮಯವಾದ ಮೂಳೆ ಎಂದು ಅದರ ಅರ್ಥ. 1885ರಲ್ಲಿ ಗುಸ್ತಾವ್ ಪೊಮ್ಮರ್ ಎಂಬ ವಿದ್ವಾಂಸ ಸೂಕ್ಷ್ಮದರ್ಶಕದಡಿ ನೋಡಿ ಒಂದು ಮುಖ್ಯವಾದ ವ್ಯತ್ಯಾಸವನ್ನು ಗುರುತಿಸಿದ. ಇಟ್ಟಿಗೆಗಳೆಲ್ಲ ಇದ್ದೂ ಗಾರೆಯಲ್ಲಿ ಸುಣ್ಣ ಸಾಲದ ಗೋಡೆ ಒಂದು ಬಗೆಯದು. ಸುಣ್ಣ ಸರಿಯಾಗಿದ್ದೂ ಇಟ್ಟಿಗೆಗಳೇ ಕಡಿಮೆಯಾದ ಗೋಡೆ ಇನ್ನೊಂದು ಬಗೆಯದು. ಮೊದಲನೆಯದು ಮೂಳೆ ಮೆತ್ತಗಾಗುವ ರೋಗ. ಎರಡನೆಯದು ಮೂಳೆ ಟೊಳ್ಳಾಗುವ ರೋಗ. ಆದರೆ ಇವರೆಲ್ಲರೂ ನೋಡಿದ್ದು ಸತ್ತವರ ಮೂಳೆಯನ್ನು. ಬದುಕಿರುವವರ ಮೈಯೊಳಗೆ ಇಣುಕುವ ದಾರಿ ಇರಲಿಲ್ಲ.

ಆ ದಾರಿ ತೆರೆದದ್ದು 1895ರ ನವೆಂಬರಿನಲ್ಲಿ, ರಾಂಟ್‌ಜನ್ ಕ್ಷ-ಕಿರಣವನ್ನು ಕಂಡುಹಿಡಿದಾಗ. ಇನ್ನು ಮೂಳೆಯ ಗುಟ್ಟೆಲ್ಲ ಬಯಲಾಯಿತೆಂದು ಜನ ತಿಳಿದಿದ್ದರೆ ಆಶ್ಚರ್ಯವಿಲ್ಲ. ಆದರೆ ಹಾಗಾಗಲಿಲ್ಲ. ಮೂಳೆಯ ಖನಿಜದಲ್ಲಿ ಸುಮಾರು ಮೂರನೆಯ ಒಂದು ಪಾಲು ಕರಗಿಹೋಗುವವರೆಗೆ ಸಾಮಾನ್ಯ ಕ್ಷ-ಕಿರಣ ಚಿತ್ರದಲ್ಲಿ ಕಣ್ಣಿಗೆ ಬೀಳುವ ವ್ಯತ್ಯಾಸವೇ ಇರುವುದಿಲ್ಲ. ಕಣಜದ ಮುಚ್ಚಳ ತೆಗೆದು ನೋಡುವ ಹೊತ್ತಿಗೆ ಮೂರನೆಯ ಒಂದು ಪಾಲು ಧಾನ್ಯ ಇಲಿಯ ಪಾಲಾಗಿರುತ್ತದೆ. ಚಿತ್ರವನ್ನು ಹೆಚ್ಚು ಹೊತ್ತು ತೊಳೆದರೆ ಗಟ್ಟಿಮೂಳೆಯೂ ಟೊಳ್ಳಾಗಿ ಕಾಣುತ್ತದೆ, ಕಡಿಮೆ ತೊಳೆದರೆ ಟೊಳ್ಳೂ ಗಟ್ಟಿಯಾಗಿ ಕಾಣುತ್ತದೆ. ಕಣ್ಣಿನ ಅಂದಾಜು ತೂಕವಾಗಲಾರದು.

ಈ ನಡುವೆ ರೋಗದ ಕಾರಣವನ್ನು ಹಿಡಿದವರು ಬಾಸ್ಟನ್ನಿನ ವೈದ್ಯ ಫುಲ್ಲರ್ ಆಲ್‌ಬ್ರೈಟ್. 1941ರಲ್ಲಿ ಅವರೂ ಅವರ ಸಂಗಡಿಗರೂ 42 ಮಂದಿ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಅವರಲ್ಲಿ 40 ಮಂದಿ ಮುಟ್ಟು ನಿಂತ ಹೆಂಗಸರು. ಮೊಟ್ಟೆಯಿಡುವ ಮುನ್ನ ಹೆಣ್ಣು ಪಾರಿವಾಳ ತನ್ನ ಮೂಳೆಗಳ ಒಳಗೆ ಸುಣ್ಣವನ್ನು ತುಂಬಿಕೊಳ್ಳುತ್ತದೆಂಬುದು ಆ ಮೊದಲೇ ತಿಳಿದಿತ್ತು. ಸ್ತ್ರೀ ಹಾರ್ಮೋನಿಗೂ ಮೂಳೆಗೂ ಸಂಬಂಧವಿದೆಯೆಂದು ಆಲ್‌ಬ್ರೈಟ್ ಊಹಿಸಲು ಅದೂ ನೆರವಾಯಿತು. ಊಹೆ ನಿಜವಾಯಿತು. ಬೆನ್ನು ಬಾಗಿದ ಮುದುಕಿಯನ್ನು ಕಂಡರೆ ಲೋಕವೆಲ್ಲ ವಯಸ್ಸಿನ ಭಾರವೆಂದು ಕೈಬಿಡುತ್ತಿದ್ದಾಗ, ಇದಕ್ಕೊಂದು ಕಾರಣವಿದೆ, ಕಾರಣವಿದ್ದ ಮೇಲೆ ಪರಿಹಾರವೂ ಇರಬೇಕು ಎಂದ ಮೊದಲಿಗರಲ್ಲಿ ಇವರೊಬ್ಬರು. ಇವರ ಬಾಳಿನ ಕೊನೆ ಮಾತ್ರ ದಾರುಣವಾದುದು. ಕಂಪವಾತಕ್ಕೆ ತುತ್ತಾಗಿ 1956ರಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಗೆ ತಾವೇ ಒಪ್ಪಿದರು. ಅದು ವಿಫಲವಾಗಿ, 1969ರಲ್ಲಿ ತೀರಿಕೊಳ್ಳುವವರೆಗೆ 13 ವರ್ಷ ಪ್ರಜ್ಞೆಯಿಲ್ಲದವರಂತೆ ಹಾಸಿಗೆಯಲ್ಲಿದ್ದರು.

ಕಾರಣವೇನೋ ತಿಳಿಯಿತು, ಅಳತೆ? ಈ ಘಟ್ಟದಲ್ಲಿ ನಮ್ಮ ದೇಶದವರೂ ಪ್ರವೇಶಿಸುತ್ತಾರೆ. ಅದಕ್ಕೆ ಪೀಠಿಕೆಯಾಗಿ ಒಂದು ಹಳೆಯ ಪ್ರಸಂಗವನ್ನು ಹೇಳಬೇಕು. 1866ರಲ್ಲಿ ಜೂರಿಕ್ ನಗರದಲ್ಲಿ ಅಂಗರಚನಾಶಾಸ್ತ್ರಜ್ಞ ಮೇಯರ್ ಎಂಬವನು ತೊಡೆಯೆಲುಬಿನ ತಲೆಯನ್ನು ಉದ್ದಕ್ಕೆ ಸೀಳಿ, ಒಳಗಿನ ಎಲುಬಿನ ಎಳೆಗಳ ವಿನ್ಯಾಸವನ್ನು ವಿದ್ವಾಂಸರ ಮುಂದೆ ತೋರಿಸಿದ. ಕುಲ್‌ಮಾನ್ ಎಂಬ ಇಂಜಿನಿಯರ್ ಅದನ್ನು ಕಂಡು ಬೆರಗಾದ. ಭಾರ ಎತ್ತುವ ಕ್ರೇನಿನ ಬಾಗಿದ ತೋಳಿನಲ್ಲಿ ಒತ್ತಡ ಯಾವ ಯಾವ ರೇಖೆಗಳಲ್ಲಿ ಹರಿಯುತ್ತದೆಂದು ತಾನು ಲೆಕ್ಕ ಹಾಕಿ ಗೆರೆ ಎಳೆಯುತ್ತಿದ್ದನೋ, ಅದೇ ಗೆರೆಗಳು ಎಲುಬಿನೊಳಗೆ ಇದ್ದುವು! ಪ್ರಕೃತಿ ಎಲುಬನ್ನು ಸುಮ್ಮನೆ ತುಂಬಿಲ್ಲ. ಭಾರ ಬೀಳುವ ದಾರಿಯಲ್ಲಿ ಮಾತ್ರ ಕಂಬ ತೊಲೆಗಳನ್ನು ಜೋಡಿಸಿದೆ. ಭಾರ ಬದಲಾದರೆ ಎಲುಬಿನ ಕಟ್ಟಡವೂ ಬದಲಾಗುತ್ತದೆಂಬ ಸೂತ್ರವನ್ನು ಜರ್ಮನಿಯ ಯೂಲಿಯಸ್ ವೋಲ್ಫ್ 1892ರಲ್ಲಿ ಗ್ರಂಥರೂಪಕ್ಕೆ ತಂದ.

1970ರಲ್ಲಿ ಭಾರತದ ಮೂವರು ವೈದ್ಯರು, ಮನಮೋಹನ ಸಿಂಗ್, ನಾಗರಥ್ ಮತ್ತು ಮೈನಿ, ಮೂಳೆಶಸ್ತ್ರವೈದ್ಯದ ಹೆಸರಾಂತ ಅಮೆರಿಕನ್ ಪತ್ರಿಕೆಯೊಂದರಲ್ಲಿ ಒಂದು ಲೇಖನ ಬರೆದರು. (ಈ ಮನಮೋಹನ ಸಿಂಗರು ಮುಂದೆ ಪ್ರಧಾನಿಯಾದವರಲ್ಲ, ಹೆಸರು ಮಾತ್ರ ಒಂದೇ.) ಅವರ ವಿಚಾರ ಸರಳವಾದುದು. ಬರಗಾಲ ಬಂದ ಮನೆಯಲ್ಲಿ ಯಜಮಾನ ಮೊದಲು ಮಾರುವುದು ಇಲ್ಲದಿದ್ದರೂ ನಡೆಯುವ ವಸ್ತುವನ್ನು. ನೇಗಿಲನ್ನು ಕಟ್ಟಕಡೆಗೆ ಮಾರುತ್ತಾನೆ. ಮೂಳೆಯೂ ಹಾಗೆಯೇ. ಅಷ್ಟಾಗಿ ಭಾರ ಹೊರದ ಎಳೆಗಳು ಮೊದಲು ಕರಗುತ್ತವೆ. ಮೈಭಾರವನ್ನು ನೇರವಾಗಿ ಹೊರುವ ಎಳೆಗಳು ಕೊನೆಯವರೆಗೆ ಉಳಿಯುತ್ತವೆ. ಆದ್ದರಿಂದ ಸೊಂಟದ ಸಾಮಾನ್ಯ ಕ್ಷ-ಕಿರಣ ಚಿತ್ರದಲ್ಲಿ ಯಾವ ಎಳೆಗಳು ಉಳಿದಿವೆ, ಯಾವುವು ಮಾಯವಾಗಿವೆ ಎಂದು ನೋಡಿ 6ರಿಂದ 1ರವರೆಗೆ ದರ್ಜೆ ಕೊಡಬಹುದು. 6 ಎಂದರೆ ಎಲ್ಲವೂ ಇದೆ. 3 ಎಂದರೆ ರೋಗ ಖಚಿತ. 1 ಎಂದರೆ ನೇಗಿಲೂ ಮಾರಾಟವಾಗಿದೆ. ಬೆಲೆಬಾಳುವ ಯಂತ್ರ ಬೇಡ, ಚಿತ್ರವೊಂದಿದ್ದರೆ ಸಾಕು. ಬಡದೇಶದ ವೈದ್ಯರಿಗೆ ಹೊಳೆಯಬಹುದಾದ ಉಪಾಯ ಅದು. ಸಿಂಗ್ ಸೂಚ್ಯಂಕವೆಂಬ ಹೆಸರಿನಲ್ಲಿ ಪ್ರಪಂಚದ ಪಠ್ಯಗಳಲ್ಲೆಲ್ಲ ಅದು ಸೇರಿತು. ಒಂದೇ ಚಿತ್ರಕ್ಕೆ ಇಬ್ಬರು ವೈದ್ಯರು ಎರಡು ದರ್ಜೆ ಕೊಡುವುದುಂಟೆಂಬ ದೋಷ ಆಮೇಲೆ ಬಯಲಾದದ್ದೂ ನಿಜ. ಆದರೂ 1981ರಲ್ಲಿ ನಮ್ಮ ತಾಯಿಯ ಚಿತ್ರವನ್ನು ಕಿಟಕಿಗೆ ಹಿಡಿದಾಗ ಆ ಎಳೆಗಳು ಅಲ್ಲೇ ಇದ್ದುವು, ಅಥವಾ ಇರಲಿಲ್ಲ. ಮುರಿದದ್ದನ್ನು ನೋಡಿದೆವೇ ಹೊರತು ಮುರಿಯದೆ ಇದ್ದ ಇನ್ನೊಂದು ಕಾಲಿನ ಎಲುಬು ಏನು ಹೇಳುತ್ತಿದೆಯೆಂದು ಯಾರೂ ಕೇಳಲಿಲ್ಲ.

ಕಣ್ಣಿನ ಅಂದಾಜನ್ನು ಬಿಟ್ಟು ನಿಜವಾದ ತೂಕಕ್ಕೆ ಬಂದವರು ಭೌತವಿಜ್ಞಾನಿಗಳು. ಕ್ಷ-ಕಿರಣ ಚಿತ್ರ ತೆಗೆಯುವಾಗ ಕೈಯ ಪಕ್ಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಅಲ್ಯುಮಿನಿಯಮ್ ತುಂಡೊಂದನ್ನು ಇಟ್ಟು, ಎಲುಬಿನ ನೆರಳು ಎಷ್ಟನೆಯ ಮೆಟ್ಟಿಲಿನ ನೆರಳಿಗೆ ಸಮ ಎಂದು ನೋಡುವ ಕ್ರಮ ಮೊದಲೇ ಇತ್ತು. 1965ರಲ್ಲಿ ಅಮೆರಿಕದ ಜೆಮಿನಿ ಗಗನಯಾತ್ರಿಗಳ ಹಿಮ್ಮಡಿಯ ಮೂಳೆಯನ್ನು ಯಾತ್ರೆಗೆ ಮುಂಚೆಯೂ ಅನಂತರವೂ ಹೀಗೆ ಕ್ಷ-ಕಿರಣದ ಚಿತ್ರದಿಂದಲೇ ಅಳೆದವರು ಟೆಕ್ಸಸಿನ ಮಹಿಳಾ ವಿಶ್ವವಿದ್ಯಾಲಯದ ಪಾಲೀನ್ ಮ್ಯಾಕ್. ಭಾರವಿಲ್ಲದ ಲೋಕದಲ್ಲಿ ಕೆಲವೇ ದಿನ ಇದ್ದು ಬಂದ ಗಟ್ಟಿಮುಟ್ಟಾದ ತರುಣರ ಮೂಳೆಯೂ ಸವೆದಿತ್ತು. ಅವರ ಮೊದಲ ಲೆಕ್ಕಗಳು ಕೊಂಚ ಹೆಚ್ಚಾಗಿದ್ದುವೆಂದು ಆಮೇಲೆ ತಿಳಿದರೂ, ಮುಖ್ಯ ಸಂಗತಿ ನಿಂತಿತು: ನೆಲದ ಮೇಲೆ ಕಾಲೂರದ ಮೂಳೆ ಕರಗುತ್ತದೆ. ತಕ್ಕ ವ್ಯಾಯಾಮವಿಲ್ಲದಿದ್ದರೆ ಗಗನನಿಲ್ದಾಣದಲ್ಲಿ ಇರುವವರ ಸೊಂಟದ ಮೂಳೆ ತಿಂಗಳಿಗೆ ನೂರಕ್ಕೆ 1ರಿಂದ 1.5ರಷ್ಟು ಕಡಿಮೆಯಾಗುತ್ತದೆ. ಈ ಮಾತನ್ನು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ನಿಜವಾದ ತಕ್ಕಡಿಯನ್ನು ಮಾಡಿದವರು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜಾನ್ ಕ್ಯಾಮರನ್. 1963ರಲ್ಲಿ ಅವರೂ ಸೊರೆನ್ಸನ್ ಎಂಬ ಸಹೋದ್ಯೋಗಿಯೂ ಪ್ರಕಟಿಸಿದ ವಿಧಾನದಲ್ಲಿ ಚಿತ್ರವೇ ಇಲ್ಲ. ಮುಂಗೈಯ ಒಂದು ಬದಿಯಲ್ಲಿ ವಿಕಿರಣಶೀಲ ಅಯೋಡಿನ್. ಅದರಿಂದ ಹೊರಡುವ ಕೂದಲಿನಂಥ ಕಿರಣ. ಇನ್ನೊಂದು ಬದಿಯಲ್ಲಿ ಕಿರಣದ ಕಣಗಳನ್ನು ಒಂದೊಂದಾಗಿ ಎಣಿಸುವ ಯಂತ್ರ. ಎಷ್ಟು ಹೊರಟವು, ಎಷ್ಟು ತಲುಪಿದವು? ನಡುವೆ ಕಾಣೆಯಾದವನ್ನು ಮೂಳೆಯ ಖನಿಜ ನುಂಗಿದೆ. ಎಷ್ಟು ನುಂಗಿತೆಂಬುದರಿಂದ ಖನಿಜದ ತೂಕವನ್ನು ಲೆಕ್ಕ ಹಾಕಬಹುದು. ಹೊಲಕ್ಕೆ ಹೊಡೆದ ದನಗಳಲ್ಲಿ ಸಂಜೆ ಎಷ್ಟು ಹಿಂತಿರುಗಿದವೆಂದು ಎಣಿಸಿ ಕಾಡಿನಲ್ಲಿ ಹುಲಿಯ ಹಸಿವೆಷ್ಟೆಂದು ತಿಳಿಯುವಂಥ ಲೆಕ್ಕ ಇದು. ಆದರೆ ಮಾಂಸವೂ ಕಿರಣವನ್ನು ಅಷ್ಟಿಷ್ಟು ನುಂಗುತ್ತದಷ್ಟೆ. ಆ ತೊಡಕನ್ನು ಕಳೆಯಲು ಕೈಯನ್ನು ನೀರಿನಲ್ಲಿ ಇರಿಸಿ ಎಲ್ಲ ಕಡೆಯೂ ಒಂದೇ ದಪ್ಪವಾಗುವಂತೆ ಮಾಡುತ್ತಿದ್ದರು.

ಕೈಯನ್ನೇನೋ ನೀರಿನಲ್ಲಿ ಇರಿಸಬಹುದು. ಸೊಂಟವನ್ನು, ಬೆನ್ನನ್ನು ಹೇಗೆ ಇರಿಸುವುದು? ಮುರಿದು ಮನುಷ್ಯನನ್ನು ಮಲಗಿಸುವುದು ಆ ಮೂಳೆಗಳೇ. ಇದಕ್ಕೆ ಶಾಲೆಯ ಬೀಜಗಣಿತವೇ ಉತ್ತರ ಕೊಟ್ಟಿತು. ತಿಳಿಯದ ಸಂಖ್ಯೆಗಳು ಎರಡಿದ್ದರೆ ಸಮೀಕರಣಗಳೂ ಎರಡು ಬೇಕು. ಬಲದಲ್ಲಿ ಬೇರೆ ಬೇರೆಯಾದ ಎರಡು ಕಿರಣಗಳನ್ನು ಹಾಯಿಸಿದರೆ ಮಾಂಸದ ಪಾಲನ್ನೂ ಮೂಳೆಯ ಪಾಲನ್ನೂ ಬಿಡಿಸಿ ತೆಗೆಯಬಹುದು. ಗ್ಯಾಡೊಲಿನಿಯಮ್ ಎಂಬ ವಿಕಿರಣಶೀಲ ಧಾತು ಇಂಥ ಎರಡು ಕಿರಣಗಳನ್ನು ಒಟ್ಟಿಗೆ ಕೊಡುತ್ತಿತ್ತು. ಆದರೆ ಅದು ದಿನದಿನಕ್ಕೂ ಕ್ಷೀಣಿಸುವ ವಸ್ತು. ಮೇಲಿಂದ ಮೇಲೆ ಹೊಸದನ್ನು ತರಿಸಬೇಕು. ರೋಗಿ ಅರ್ಧ ಗಂಟೆ ಅಲುಗಾಡದೆ ಮಲಗಬೇಕು. 1987ರಲ್ಲಿ ವಿಕಿರಣಶೀಲ ಧಾತುವಿನ ಜಾಗಕ್ಕೆ ಕ್ಷ-ಕಿರಣದ ಕೊಳವೆಯೇ ಬಂದು, ಇಂದು ಡೆಕ್ಸಾ ಎಂದು ನಾವು ಕೇಳುವ ಯಂತ್ರ ಮಾರುಕಟ್ಟೆಗೆ ಇಳಿಯಿತು. ಕೆಲವೇ ನಿಮಿಷದ ಕೆಲಸ. ಮೈಗೆ ತಗಲುವ ವಿಕಿರಣ ಎದೆಯ ಚಿತ್ರಕ್ಕಿಂತಲೂ ಕಡಿಮೆ. ತಾಯಿ ತೀರಿಕೊಂಡ ಐದಾರು ವರ್ಷಕ್ಕೆ ತಕ್ಕಡಿ ಸಿದ್ಧವಾಗಿತ್ತು.

ಆದರೆ ಈ ತಕ್ಕಡಿಯ ಒಂದು ಗುಣವನ್ನು ಇಲ್ಲಿಯೇ ಹೇಳಿಬಿಡಬೇಕು. ನಾವು ಅದನ್ನು ಸಾಂದ್ರತೆಯೆನ್ನುತ್ತೇವೆ. ನಿಜಕ್ಕೂ ಅದು ಸಾಂದ್ರತೆಯಲ್ಲ. ಸಾಂದ್ರತೆಯೆಂದರೆ ಘನ ಸೆಂಟಿಮೀಟರಿಗೆ ಇಷ್ಟು ಗ್ರಾಂ ಎಂದು ಹೇಳಬೇಕು. ಈ ಯಂತ್ರ ಹೇಳುವುದು ಚದರ ಸೆಂಟಿಮೀಟರಿಗೆ ಇಷ್ಟು ಗ್ರಾಂ ಎಂದು. ಅಂದರೆ ಮೂಳೆಯನ್ನಲ್ಲ, ಮೂಳೆಯ ನೆರಳನ್ನು ಅದು ತೂಗುತ್ತದೆ. ದಪ್ಪ ಮೂಳೆಯ ನೆರಳು ಹೆಚ್ಚು ತೂಗುತ್ತದೆ, ಸಣ್ಣ ಮೂಳೆಯದು ಕಡಿಮೆ ತೂಗುತ್ತದೆ. ಎರಡರ ಹುರುಳೂ ಒಂದೇ ಆಗಿದ್ದರೂ ಸರಿಯೆ. ಸಣ್ಣ ಕಟ್ಟಿನ ನಮ್ಮ ಹೆಂಗಸರ ವಿಷಯದಲ್ಲಿ ಇದು ಸಣ್ಣ ಮಾತಲ್ಲ.

ತಕ್ಕಡಿ ಬಂದ ಮೇಲೆ ಬಟ್ಟು ಬೇಕಾಯಿತು. ಎಷ್ಟು ತೂಗಿದರೆ ಆರೋಗ್ಯ, ಎಷ್ಟು ತೂಗಿದರೆ ರೋಗ? 1992ರ ಜೂನ್ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ತಂಡವೊಂದು ರೋಮ್ ನಗರದಲ್ಲಿ ಸೇರಿತು. ಅದರ ವರದಿ 1994ರಲ್ಲಿ ಹೊರಬಂತು. ಹರೆಯದ ಆರೋಗ್ಯವಂತ ಬಿಳಿಯ ಹೆಂಗಸರ ಸರಾಸರಿಯನ್ನು ಸೊನ್ನೆಯೆಂದು ಇಟ್ಟುಕೊಂಡು, ಸಂಖ್ಯಾಶಾಸ್ತ್ರದ ಮೆಟ್ಟಿಲುಗಳಲ್ಲಿ ಅದಕ್ಕಿಂತ ಎಷ್ಟು ಕೆಳಗಿದ್ದಾರೆಂದು ಲೆಕ್ಕ ಹಾಕಬೇಕು. ಎರಡೂವರೆ ಮೆಟ್ಟಿಲು ಅಥವಾ ಅದಕ್ಕೂ ಕೆಳಗೆ ಇದ್ದರೆ, ಎಂದರೆ ಮೈನಸ್ 2.5 ಅಥವಾ ಇನ್ನೂ ಕಡಿಮೆಯಿದ್ದರೆ, ಅದು ಆಸ್ಟಿಯೊಪೊರೋಸಿಸ್. ಮೈನಸ್ 1ಕ್ಕೂ ಮೈನಸ್ 2.5ಕ್ಕೂ ನಡುವೆ ಇದ್ದರೆ ಆಸ್ಟಿಯೊಪೀನಿಯ. ಇದನ್ನೇ ಟಿ-ಅಂಕ ಎನ್ನುತ್ತಾರೆ.

ಈ ಎರಡೂವರೆ ಎಲ್ಲಿಂದ ಬಂತು? ಪ್ರಕೃತಿ ಅಲ್ಲಿ ಗೆರೆ ಎಳೆದಿಲ್ಲ. ಆ ಅಳತೆಯಿಂದ ಮುಟ್ಟು ನಿಂತ ಬಿಳಿಯ ಹೆಂಗಸರಲ್ಲಿ ನೂರಕ್ಕೆ ಸುಮಾರು 30 ಮಂದಿ ರೋಗಿಗಳಾಗುತ್ತಾರೆ. ಅವರಲ್ಲಿ ಜೀವಮಾನದಲ್ಲಿ ಮೂಳೆ ಮುರಿದುಕೊಳ್ಳುವವರ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಅದು ಅನುಕೂಲವಾದ ಗೆರೆ. ಬೇರೆ ಬೇರೆ ದೇಶಗಳ ಜನಸಮೂಹಗಳನ್ನು ಹೋಲಿಸಿ ನೋಡುವುದು ತಜ್ಞರ ಮುಖ್ಯ ಉದ್ದೇಶವಾಗಿತ್ತು. ನಡುವಿನ ಆಸ್ಟಿಯೊಪೀನಿಯವನ್ನು ಒಂದು ರೋಗವೆಂದು ಅವರು ಭಾವಿಸಿರಲಿಲ್ಲ. ಆದರೆ ಹೊಲದ ಬದುವಿಗೆ ಹಾಕಿದ ಗೂಟ ಕಾಲಕ್ರಮದಲ್ಲಿ ದೇವರ ಕಲ್ಲಾಗುವುದುಂಟು. 1995ರಲ್ಲಿ ಅಲೆಂಡ್ರೊನೇಟ್ ಎಂಬ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಅದು ಒಳ್ಳೆಯ ಔಷಧವೇ. ಬೆನ್ನಿನ ಎಲುಬು ಮೊದಲೇ ಮುರಿದಿದ್ದ ಹೆಂಗಸರಲ್ಲಿ ಸೊಂಟದ ಮುರಿತವನ್ನು ಅದು ಸುಮಾರು ಅರ್ಧಕ್ಕೆ ಇಳಿಸಿತೆಂದು 1996ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆ ತೋರಿಸಿತು. ಆದರೆ ಅಳೆಯದೆ ಔಷಧ ಮಾರಾಟವಾಗದು. ಮಾತ್ರೆಯ ತಯಾರಕರೇ ಅಳತೆಯ ಯಂತ್ರಗಳನ್ನು ಊರೂರಿಗೆ ಹರಡುವ ಕೆಲಸಕ್ಕೆ ಕೈಹಾಕಿದರು. 1997ರಲ್ಲಿ ಅಮೆರಿಕದ ಸರ್ಕಾರ ವೃದ್ಧರ ವಿಮೆಯಲ್ಲಿ ಈ ಅಳತೆಯ ಖರ್ಚನ್ನು ಸೇರಿಸುವ ಕಾನೂನು ಮಾಡಿತು. ರೋಗವಲ್ಲದ ಆಸ್ಟಿಯೊಪೀನಿಯ ಲಕ್ಷಾಂತರ ಮಂದಿಯ ಚಿಂತೆಯಾಯಿತು.

ಅಂಕಿಯೇ ಬಲವಲ್ಲ ಎಂಬುದಕ್ಕೆ ಚರಿತ್ರೆಯಲ್ಲಿ ಕಟುವಾದ ಒಂದು ಪಾಠ ಮೊದಲೇ ನಡೆದಿತ್ತು. ಅದನ್ನು ಹೇಳುವುದಕ್ಕೆ ನಮ್ಮ ಸೀಮೆಗೇ ಬರಬೇಕು. ನನ್ನ ಸೋದರಮಾವನ ಊರು ಪಾವಗಡ ತಾಲ್ಲೂಕಿನಲ್ಲಿ. ಬೇಸಗೆ ರಜೆಗೆ ಹೋದಾಗ ಆ ಊರಿನ ಹಿರಿಯರು ನಮಗೆ ವಿಚಿತ್ರವಾಗಿ ಕಾಣುತ್ತಿದ್ದರು. ಕಂದುಗಟ್ಟಿದ ಹಲ್ಲು; ಕೂಗಿದರೆ ಕತ್ತನ್ನು ತಿರುಗಿಸಲಾರದೆ ಇಡೀ ಮೈಯನ್ನೇ ತಿರುಗಿಸುತ್ತಿದ್ದರು. ಬಾವಿಯ ನೀರಿನಲ್ಲಿರುವ ಫ್ಲೋರೈಡು ಅದಕ್ಕೆ ಕಾರಣವೆಂದು ನಮಗಾಗ ತಿಳಿಯದು. ನಮ್ಮ ದೇಶದಲ್ಲಿ ಈ ರೋಗದ ವಿವರವಾದ ವರ್ಣನೆ 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ಬಂತು. ಫ್ಲೋರೈಡು ಸೇರಿದ ಮೂಳೆ ಕ್ಷ-ಕಿರಣದಲ್ಲಿ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗೆ, ದಟ್ಟವಾಗಿ ಕಾಣುತ್ತದೆ. ಫ್ಲೋರೈಡು ಮೂಳೆಯನ್ನು ದಟ್ಟಮಾಡುವುದಾದರೆ ಟೊಳ್ಳು ಮೂಳೆಯವರಿಗೆ ಅದನ್ನೇ ಏಕೆ ಕೊಡಬಾರದು ಎಂದು ಪಶ್ಚಿಮದ ವೈದ್ಯರು ಯೋಚಿಸಿದ್ದು ಸಹಜವೇ. ಅಮೆರಿಕದ ಮೇಯೋ ಕ್ಲಿನಿಕ್ಕಿನ ರಿಗ್ಸ್ ಮತ್ತು ಸಂಗಡಿಗರು 202 ಹೆಂಗಸರಲ್ಲಿ ನಾಲ್ಕು ವರ್ಷ ಅದನ್ನು ಪರೀಕ್ಷಿಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಫ್ಲೋರೈಡು ಪಡೆದವರ ಬೆನ್ನೆಲುಬಿನ ಅಂಕಿ ನೂರಕ್ಕೆ 35ರಷ್ಟು ಏರಿತ್ತು. ಯಂತ್ರದ ಮಟ್ಟಿಗೆ ಅದೊಂದು ವಿಜಯ. ಆದರೆ ಬೆನ್ನೆಲುಬಿನ ಮುರಿತಗಳು ಗಣನೀಯವಾಗಿ ತಗ್ಗಲಿಲ್ಲ. ಬೆನ್ನು ಬಿಟ್ಟು ಉಳಿದ ಕಡೆಯ ಮುರಿತಗಳು ಫ್ಲೋರೈಡು ಪಡೆಯದವರಲ್ಲಿ 24, ಪಡೆದವರಲ್ಲಿ 72. ತಕ್ಕಡಿ ಏರಿತು, ಮೂಳೆ ಮುರಿಯಿತು. ದಟ್ಟವಾದದ್ದು ಗಟ್ಟಿಯಲ್ಲವೆಂಬುದನ್ನು ಪಾವಗಡದ ನಮ್ಮ ಮಾವನ ಊರಿನ ಹಿರಿಯರ ಮೈ ಆ ಮೊದಲೇ ಹೇಳುತ್ತಿತ್ತು.

ಹಾಗೆಂದು ಅಳತೆ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಸೊಂಟದ ಅಂಕ ಒಂದು ಮೆಟ್ಟಿಲು ಇಳಿದರೆ ಸೊಂಟ ಮುರಿಯುವ ಅಪಾಯ ಎರಡೂವರೆ ಪಟ್ಟಿಗೂ ಮಿಗಿಲಾಗುತ್ತದೆಂಬುದು ಖಚಿತವಾದ ಸಂಗತಿ. ಆದರೆ ಸಮೂಹದ ಮಾತು ಬೇರೆ, ವ್ಯಕ್ತಿಯ ಮಾತು ಬೇರೆ. ಮೂಳೆ ಮುರಿದುಕೊಳ್ಳುವ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಅಂಕ ಮೈನಸ್ 2.5ರ ಗೆರೆಯಿಂದ ಮೇಲೆಯೇ ಇರುತ್ತದೆ. ಗೆರೆಯ ಆಚೆಗಿದ್ದೇನೆಂದು ನಿಶ್ಚಿಂತೆಯಾಗಿರುವವಳೇ ಬೀಳಬಹುದು. ಗೆರೆಯ ಈಚೆಗಿರುವವಳು ತೊಂಬತ್ತು ವರ್ಷ ನಡೆದಾಡಬಹುದು. ಈ ವಿವೇಕದಿಂದಲೇ 2008ರಲ್ಲಿ ಶೆಫೀಲ್ಡಿನ ಜಾನ್ ಕ್ಯಾನಿಸ್ ಮತ್ತು ಸಂಗಡಿಗರು ಫ್ರ್ಯಾಕ್ಸ್ ಎಂಬ ಲೆಕ್ಕವನ್ನು ರೂಪಿಸಿದರು. ಹಿಂದೆ 1992ರ ತಂಡದ ಮುಂದಾಳಾಗಿ ಗೆರೆ ಎಳೆಸಿದವರೂ ಇದೇ ಕ್ಯಾನಿಸ್ ಎಂಬುದು ಗಮನಿಸತಕ್ಕ ಮಾತು. ಈ ಲೆಕ್ಕದಲ್ಲಿ ಅಂಕಿಗಿಂತ ಮುಂಚೆ ಪ್ರಶ್ನೆಗಳು ಬರುತ್ತವೆ: ವಯಸ್ಸೆಷ್ಟು, ತೂಕವೆಷ್ಟು, ಹಿಂದೆ ಮೂಳೆ ಮುರಿದಿತ್ತೆ, ಸ್ಟೀರಾಯ್ಡ್ ಔಷಧ ಸೇವಿಸಿದ್ದುಂಟೆ, ಹೊಗೆಸೊಪ್ಪು ಸೇದುವುದುಂಟೆ ಎಂದು. ಯಂತ್ರದ ಅಂಕಿ ಇದ್ದರೆ ಸೇರಿಸಬಹುದು. ಇಲ್ಲದಿದ್ದರೂ ಲೆಕ್ಕ ನಿಲ್ಲದು. ಬ್ರಿಟನ್ನಿನಲ್ಲಿ 70ರಿಂದ 85 ವರ್ಷದ 12,483 ಹೆಂಗಸರ ಮೇಲೆ ಈ ಕ್ರಮದ ತಪಾಸಣೆಯನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ಐದು ವರ್ಷಗಳಲ್ಲಿ ಸೊಂಟ ಮುರಿದವರು ತಪಾಸಣೆಯಿಲ್ಲದವರಲ್ಲಿ ನೂರಕ್ಕೆ 3.5, ತಪಾಸಣೆಯಾದವರಲ್ಲಿ 2.6. ಒಟ್ಟು ಮುರಿತಗಳ ಸಂಖ್ಯೆ ಇಳಿಯಲಿಲ್ಲ. ಇಷ್ಟೇ ಲಾಭ; ಆದರೆ ನೂರಕ್ಕೆ ಒಬ್ಬಳು ತಾಯಿ ಹಾಸಿಗೆ ಹಿಡಿಯದೆ ಉಳಿದಳೆಂದರೆ ಆ ಲಾಭವನ್ನು ಸಣ್ಣದೆನ್ನಲು ನನಗೆ ನಾಲಗೆ ಬಾರದು. 65 ದಾಟಿದ ಹೆಂಗಸರೆಲ್ಲರನ್ನೂ ತಪಾಸಣೆ ಮಾಡಬೇಕೆಂದು ಅಮೆರಿಕದ ತಜ್ಞಮಂಡಳಿ 2002ರಲ್ಲಿ ಹೇಳಿದ್ದನ್ನು 2025ರಲ್ಲಿಯೂ ಎತ್ತಿಹಿಡಿಯಿತು. ನಮ್ಮಲ್ಲಿ ಅಂಥ ದೇಶವ್ಯಾಪಿ ಕಾರ್ಯಕ್ರಮವಿಲ್ಲ.

ನಮ್ಮಲ್ಲಿರುವುದು ಶಿಬಿರಗಳು. ಕೆಲವು ವರ್ಷಗಳ ಹಿಂದೆ ನಮ್ಮೂರಿನ ಕಲ್ಯಾಣಮಂಟಪದಲ್ಲಿ ಅಂಥದೊಂದು ನಡೆಯಿತು. ನನ್ನ ಅಕ್ಕನಿಗೆ ಆಗ 74. ಹಿಮ್ಮಡಿಯನ್ನು ಪುಟ್ಟ ಯಂತ್ರವೊಂದರಲ್ಲಿ ಇರಿಸಿದರು. ಇದು ಶ್ರವಣಾತೀತ ಧ್ವನಿಯಿಂದ ಅಳೆಯುವ ಯಂತ್ರ. 1984ರಲ್ಲಿ ಇಂಗ್ಲೆಂಡಿನ ಲ್ಯಾಂಗ್ಟನ್ ಮುಂತಾದವರು ತೋರಿಸಿಕೊಟ್ಟ ವಿಧಾನ. ಹಗುರ, ಅಗ್ಗ, ವಿಕಿರಣವಿಲ್ಲ. ಆದರೆ ಮೈನಸ್ 2.5ರ ಗೆರೆ ಡೆಕ್ಸಾ ಯಂತ್ರದ ಅಳತೆಗೆ ಸೇರಿದ್ದು. ಹಿಮ್ಮಡಿಯ ಧ್ವನಿಗೆ ಅದನ್ನು ಹಾಗೆಹಾಗೆಯೇ ಹಚ್ಚುವಂತಿಲ್ಲ. ಅದನ್ನು ಅಲ್ಲಿ ಯಾರೂ ಹೇಳಲಿಲ್ಲ. ಚೀಟಿಯಲ್ಲಿ ಕೆಂಪು ಶಾಯಿಯಲ್ಲಿ ಮೈನಸ್ 2.8 ಎಂದು ಬರೆದು ಕೊಟ್ಟರು.

ಅಕ್ಕ ಆ ಚೀಟಿಯನ್ನು ಮಡಿಸಿ ದೇವರ ಪಟದ ಹಿಂದೆ ಇಟ್ಟಳು. ಮಾರನೆಯ ದಿನದಿಂದ ಆಂಜನೇಯನ ಗುಡಿಗೆ ನಡೆದುಹೋಗುವುದನ್ನು ನಿಲ್ಲಿಸಿದಳು. "ಅಮ್ಮ ಬಿದ್ದದ್ದು ಮರೆತೆಯೇನೋ? ನಾನು ಬಿದ್ದರೆ ಯಾರು ನೋಡಿಕೊಳ್ಳುತ್ತಾರೆ?" ಎಂದಳು. ನೀರಿನ ಬಿಂದಿಗೆಯನ್ನು ಮುಟ್ಟಲಿಲ್ಲ, ಮೆಟ್ಟಿಲು ಹತ್ತಲಿಲ್ಲ, ಬಿಸಿಲಿಗೆ ಬರಲಿಲ್ಲ. ಕುರ್ಚಿಯಲ್ಲಿ ಕುಳಿತಳು. ಆರು ತಿಂಗಳಿಗೆ ತೊಡೆಯ ಕಸುವು ಇಳಿದು, ಏಳಬೇಕಾದರೆ ಕೈ ಕೊಡಬೇಕಾಯಿತು. ಆಗ ನನಗೆ ಆ ಗಗನಯಾತ್ರಿಗಳು ನೆನಪಾದರು. ಅವರು ಮೂಳೆಯನ್ನು ಕಳೆದುಕೊಳ್ಳಲು ಭೂಮಿಯನ್ನೇ ಬಿಟ್ಟು ಹೋಗಬೇಕಾಯಿತು; ನನ್ನ ಅಕ್ಕ ಒಂದು ಚೀಟಿಯ ದೆಸೆಯಿಂದ ನಡುಮನೆಯಲ್ಲಿಯೇ ಭಾರವಿಲ್ಲದ ಲೋಕಕ್ಕೆ ಹೊರಟುಹೋಗಿದ್ದಳು.

ಕಡೆಗೆ ಬಲವಂತದಿಂದ ಜಿಲ್ಲಾಕೇಂದ್ರದ ವೈದ್ಯರೊಬ್ಬರಲ್ಲಿಗೆ ಕರೆದುಕೊಂಡು ಹೋದೆ. ಅವರು ಚೀಟಿಯನ್ನು ಬದಿಗಿಟ್ಟರು. ಡೆಕ್ಸಾ ಮಾಡಿಸಿದರು, ಸೊಂಟದ ಅಂಕ ಮೈನಸ್ 1.9 ಬಂತು. ಅದನ್ನೂ ಬದಿಗಿಟ್ಟು ಪ್ರಶ್ನೆ ಕೇಳತೊಡಗಿದರು. ಈ ವರ್ಷ ಎಷ್ಟು ಸಲ ಬಿದ್ದಿರಿ? ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ದೀಪ ಇದೆಯೆ? ಏನು ಊಟ? ಬಿಸಿಲು ಕಾಯುತ್ತೀರಾ? ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವೀಣಾ ಶತ್ರುಘ್ನ ಮತ್ತು ಸಂಗಡಿಗರು ಬಡವರ್ಗದ 289 ಹೆಂಗಸರನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ವಿಷಯವನ್ನು ನಾನು ಓದಿದ್ದು ಆಮೇಲೆ. 30ರಿಂದ 60 ವರ್ಷದ ಆ ಹೆಂಗಸರು ದಿನಕ್ಕೆ ತಿನ್ನುತ್ತಿದ್ದ ಸುಣ್ಣದ ಅಂಶ ಸುಮಾರು 270 ಮಿಲಿಗ್ರಾಂ. ಬೇಕಾದದ್ದು 1000 ಎಂದು ಇಂದಿನ ಶಿಫಾರಸು. ನೂರಕ್ಕೆ 29 ಮಂದಿಯ ತೊಡೆಯೆಲುಬಿನ ಕತ್ತು ಆಗಲೇ ರೋಗದ ಗೆರೆ ದಾಟಿತ್ತು. ಉತ್ತರದ ದೇಶಗಳವರಿಗಿಂತ ಹತ್ತು ವರ್ಷ ಮೊದಲೇ ನಮ್ಮ ಹೆಂಗಸರ ಸೊಂಟ ಮುರಿಯುತ್ತದೆನ್ನುವುದರ ಹಿಂದೆ ಹಾರ್ಮೋನಿನ ಕೊರತೆಯೊಂದೇ ಅಲ್ಲ, ಕೊನೆಗೆ ಉಣ್ಣುವವಳ ಎಲೆಯೂ ಇದೆ. ನೂರು ಗ್ರಾಂ ಅಕ್ಕಿಯಲ್ಲಿ ಸುಣ್ಣದ ಅಂಶ ಹತ್ತು ಮಿಲಿಗ್ರಾಮಿನ ಆಸುಪಾಸು. ಅಷ್ಟೇ ರಾಗಿಯಲ್ಲಿ ಮುನ್ನೂರೈವತ್ತರ ಆಸುಪಾಸು. ಮುದ್ದೆ ಉಣ್ಣುವುದನ್ನು ಬಡತನದ ಗುರುತೆಂದು ಬಿಟ್ಟ ಮನೆಗಳಲ್ಲಿ ನಮ್ಮದೂ ಒಂದು.

ಎಲ್ಲ ಕೇಳಿಯಾದ ಮೇಲೆ ವೈದ್ಯರು ಕೊನೆಯ ಪ್ರಶ್ನೆ ಕೇಳಿದರು: "ನಿಮ್ಮ ತಂದೆ ತಾಯಿಯರಲ್ಲಿ ಯಾರಿಗಾದರೂ ಸೊಂಟ ಮುರಿದಿತ್ತೆ?"

ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ಮೆಲ್ಲನೆ, "ನಮ್ಮಮ್ಮನಿಗೆ" ಎಂದಳು. "ಜಾರಿ ಬೀಳಲಿಲ್ಲ ಡಾಕ್ಟರೇ. ಮೊದಲು ಲಟಕ್ಕೆಂದಿತಂತೆ, ಆಮೇಲೆ ಬಿದ್ದರಂತೆ." ವೈದ್ಯರು ತಲೆಯಾಡಿಸಿ ಅದನ್ನು ಲೆಕ್ಕದಲ್ಲಿ ಬರೆದುಕೊಂಡರು. ಅಮ್ಮನ ಮಾತನ್ನು ನಂಬಿ ಯಾರಾದರೂ ಬರೆದುಕೊಂಡದ್ದು ಅದೇ ಮೊದಲು. ಆ ಒಂದು ಉತ್ತರ ಅಕ್ಕನ ಅಪಾಯದ ಲೆಕ್ಕವನ್ನು ಮೇಲಕ್ಕೆ ಏರಿಸಿತು. ಅಂಕಿ ಗೆರೆಯ ಮೇಲಿದ್ದರೂ ಔಷಧ ಬೇಕೆಂದು ತೀರ್ಮಾನವಾಯಿತು. ಔಷಧದ ಜೊತೆಗೆ ಬಚ್ಚಲಿಗೆ ಹಿಡಿಕೆ, ಬೆಳಗಿನ ಬಿಸಿಲು, ರಾಗಿ, ಎಲ್ಲಕ್ಕಿಂತ ಮಿಗಿಲಾಗಿ ನಡಿಗೆ.

ಅಕ್ಕ ಈಗ ಕೋಲು ಹಿಡಿದು ಗುಡಿಯವರೆಗೆ ನಡೆಯುತ್ತಾಳೆ. ಕೆಂಪು ಶಾಯಿಯ ಚೀಟಿ ದೇವರ ಪಟದ ಹಿಂದೆ ಇನ್ನೂ ಇದೆ, ಎಸೆಯೆಂದರೆ ಒಪ್ಪುವುದಿಲ್ಲ. ಇರಲಿ. ಕೂಪರನಿಂದ ಕ್ಯಾನಿಸರವರೆಗೆ ಇನ್ನೂರು ವರ್ಷ ಮನುಷ್ಯರು ಮೂಳೆಯನ್ನು ತೂಗಲು ಪಟ್ಟ ಶ್ರಮ ದೊಡ್ಡದು. ಅದಿಲ್ಲದಿದ್ದರೆ ನನ್ನ ಅಕ್ಕನೂ "ವಯಸ್ಸಾಯಿತಲ್ಲ" ಎಂಬ ಒಂದೇ ಮಾತಿಗೆ ಗುರಿಯಾಗುತ್ತಿದ್ದಳು. ಆದರೆ ತೂಗಿದ ಮೇಲೆ ಕೇಳಬೇಕಾದ ಮಾತುಗಳು ಇನ್ನೂ ಇರುತ್ತವೆ. ಅವನ್ನು ಕೇಳಲು ಯಂತ್ರ ಬೇಕಿಲ್ಲ. ಹಾಸಿಗೆಯ ಪಕ್ಕದಲ್ಲಿ ಕೊಂಚ ಹೊತ್ತು ಕುಳಿತುಕೊಳ್ಳಬೇಕು, ಅಷ್ಟೆ. 1981ರಲ್ಲಿ ನಾವು ಅಷ್ಟನ್ನು ಮಾಡಬಹುದಿತ್ತು.